ಕಿಚ್ಚಿನ ಮಾನ

ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಮಣೆ ಹಾಕಿಕೊಂಡು ಆಯಿ ಕುಳಿತಿದ್ದರು. ಆಯಿ ಅಂದರೆ ನನ್ನ ಗಂಡನ ಅಜ್ಜಿ, ಮನೆಗೆಲ್ಲ ಹಿರಿಯರು. ಅವರ ಪಕ್ಕದಲ್ಲಿ ಹೋಳಿಗೆ ಲಟ್ಟಿಸುತ್ತ ನಾನು, ಆ ಮನೆಗೆ ಸೊಸೆಯಾಗಿ ಬಂದು ಎರಡನೆಯ ಹೋಳಿಹುಣ್ಣಿಮೆ ಕಾಣುತ್ತಿದ್ದವಳು. ಇನ್ನೊಬ್ಬಳು ನಮ್ಮ ಓಣಿಯ ಬೀಡಿ ಕಾಕು. ಅವಳು ಒಳಗೆ ಬಂದಿರಲಿಲ್ಲ. ಹಿತ್ತಲ ಬಾಗಿಲಿನ ಹೊಸ್ತಿಲಾಚೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಅವಳ ಮನೆಯಲ್ಲಿ ಮಗಳು ಹಡೆದು ಮೂರು ದಿನವಾಗಿತ್ತು. ಪುರುಡಿನವರು ಹಬ್ಬದ ದಿನ ಇನ್ನೊಬ್ಬರ ಹೊಸ್ತಿಲು ದಾಟುವಂತಿರಲಿಲ್ಲ. ನಡುಮನೆಯಲ್ಲಿ ನನ್ನ ಮಾವನವರು ಕನ್ನಡಿಯಿಲ್ಲದೆಯೇ ರುಮಾಲು ಸುತ್ತಿಕೊಳ್ಳುತ್ತಿದ್ದರು. ದೂರದಲ್ಲಿ ಹಲಗೆಯ ಬಡಿತ ಶುರುವಾಗಿತ್ತು.

ಕಾಕು ಬಂದದ್ದು ಒಂದು ಮಾತು ಕೇಳಲಿಕ್ಕೆ.

"ಅಣ್ಣಾರ, ಈ ಒಂದ ವರ್ಷ ಕಾಮಣ್ಣನ್ನ ಹಳ್ಳದ ಆಚೀಕ ಸುಡ್ರಿ. ಗಾಳಿ ನಮ್ಮನೀ ಕಡೇನ ಬೀಸಾಕತ್ತೈತಿ. ಒಳಗ ಹಸೀ ಬಾಣಂತಿ ಅದಾಳ, ಕೂಸೈತಿ."

ಮಾವನವರು ರುಮಾಲಿನ ಕೊನೆಯ ಸುತ್ತು ಮುಗಿಸಿದರು. ಆಮೇಲೆ ಹೇಳಿದರು: "ತಂಗೀ, ನಾ ಕಿಚ್ಚು ಕೊಡಾಂವ. ಜಾಗಾ ಗೊತ್ತು ಮಾಡಾಂವ ನಾನಲ್ಲ."

ಈ ಮಾತು ಯಾಕೆ ಬಂತು ಎಂದು ತಿಳಿಯಬೇಕಾದರೆ ನಮ್ಮ ಓಣಿಯ ಕಾಮಣ್ಣನ ಕಟ್ಟಳೆ ಹೇಳಬೇಕು. ನಾನು ಹುಟ್ಟಿದ್ದು ತೆಲಸಂಗದ ಕಡೆ. ಅದು ಒಣಭೂಮಿ. ಅಲ್ಲಿ ಸೌದೆ ಎಂದರೆ ಬಂಗಾರ. ನಮ್ಮ ಕಾಮಣ್ಣ ಕುಳಿತ ಮನುಷ್ಯನಷ್ಟು ಎತ್ತರ ಇದ್ದರೆ ಹೆಚ್ಚು. ಮೇಲೆ ನಾಲ್ಕು ಜೋಳದ ದಂಟು ಇಟ್ಟು ಸುಟ್ಟು, ಬೆಳಗಾದರೆ ಬೂದಿಯಲ್ಲಿ ಕಡಲೆ ಸುಟ್ಟು ತಿನ್ನುತ್ತಿದ್ದೆವು. ಕೊಟ್ಟ ಊರು ಬೇಡಕಿಹಾಳದ ಮಗ್ಗುಲಿನದು, ಕಬ್ಬಿನ ನಾಡು. ಇಲ್ಲಿ ಕಾಮಣ್ಣ ಮನೆಯ ಮಾಳಿಗೆಯನ್ನು ಮೀರಿ ನಿಲ್ಲುತ್ತಿದ್ದ. ಅದೂ ಸಾಲದೆಂದು ಆಚೆ ಓಣಿಯ ಕಾಮಣ್ಣನಿಗಿಂತ ಒಂದು ಮೊಳ ಹೆಚ್ಚೇ ಇರಬೇಕು.

ಇಷ್ಟು ದೊಡ್ಡ ಕೆಲಸವನ್ನು ಹಿರಿಯರು ಎಂದೋ ಪಾಲು ಮಾಡಿ ಒಂದೊಂದು ಮನೆಗೆ ಒಂದೊಂದು ಮಾನ, ಅಂದರೆ ಹಕ್ಕಿನ ಕೆಲಸ, ಹಚ್ಚಿದ್ದರು. ಕಾಮಣ್ಣನ ಕಂಬ ನೆಡುವ ಜಾಗದ ಮಾನ ಹಿರೇಕಾಕಾ ಅವರದು. ಓಣಿಗೆಲ್ಲ ಹಿರಿಯರಾದ್ದರಿಂದ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಕಟ್ಟಿಗೆ ಕೂಡಿಸುವುದು ತರುಣ ಮಂಡಳಿಯದು. ಅದಕ್ಕೆ ನನ್ನ ಮೈದುನನೇ ಮುಂದಾಳು. ಹೊತ್ತಿಸುವ ಕಿಚ್ಚಿನ ಮಾನ ನಮ್ಮ ಮನೆಯದು. ನಮ್ಮ ಒಲೆಯಿಂದ ಕುಳ್ಳಿನ, ಅಂದರೆ ಬೆರಣಿಯ, ಕೆಂಡವನ್ನು ಮಡಕೆಯ ಓಡಿನಲ್ಲಿಟ್ಟು, ಬೂದಿ ಮುಚ್ಚಿ, ಮನೆಯ ಹಿರಿಯ ಗಂಡಸು ಬಾಗಿಲಲ್ಲಿ ನಿಂತು ಕೊಡಬೇಕು. ಅದರಿಂದಲೇ ಕಾಮಣ್ಣ ಹೊತ್ತಬೇಕು. ಕಡ್ಡಿ ಗೀರಿ ಹೊತ್ತಿಸಿದರೆ ಅದು ಕಾಮಣ್ಣನಲ್ಲ, ಬರೇ ಬೆಂಕಿ. ದಾರಿಯಲ್ಲಿ ಕೆಂಡ ಆರಿತೋ, ಆ ಮನೆಯ ಮಾನ ಬೇರೆ ಮನೆಗೆ ಹೋಯಿತು.

ಕದಿಯುವುದಕ್ಕೂ ಒಂದು ಕಟ್ಟಳೆ ಇತ್ತು. ಹೋಳಿಯ ವಾರ ಹುಡುಗರು ಯಾರ ಹಿತ್ತಲಿನಿಂದ ಏನನ್ನೂ ಕದಿಯಬಹುದು: ಮುರಿದ ನೊಗ, ಹೊರಸಿನ ಕಾಲು, ಕುಂಟೆಯ ದಿಂಡು, ಕುಳ್ಳಿನ ಒಟ್ಟಲು. ಬೈಯಬಹುದು, ಬೆನ್ನಟ್ಟಬಹುದು. ಆದರೆ ಒಮ್ಮೆ ರಾಶಿಗೆ ಬಿದ್ದದ್ದನ್ನು ಯಾರೂ ತಿರುಗಿ ಎತ್ತುವಂತಿಲ್ಲ. ಕಾಮಣ್ಣನ ಪಾಲಾಯಿತೆಂದರೆ ಆಯಿತು. ಬಸದಿ ಓಣಿಯ ಜೈನರ ಮನೆಗಳಿಗೆ ಮಾತ್ರ ಹುಡುಗರು ಕಟ್ಟಿಗೆಗೆ ಹೋಗುತ್ತಿರಲಿಲ್ಲ. ಕಟ್ಟಿಗೆಯಲ್ಲಿ ಹುಳ ಇರುತ್ತವೆ ಎಂದು ಅವರು ಕೊಡುತ್ತಿರಲಿಲ್ಲ. ಕರೆದು ಕೊಬ್ಬರಿ ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಹುಡುಗರಿಗೆ ಆ ವ್ಯಾಪಾರವೂ ಒಪ್ಪಿಗೆಯೇ.

ಮರದ ಸಾಮಾನು ಇದ್ದವರೆಲ್ಲ ಆ ವಾರ ಅದನ್ನು ತೋಟಕ್ಕೆ ಸಾಗಿಸುತ್ತಿದ್ದರು. ಕಾಕುವಿಗೆ ಆ ಸಲ ಅದು ನೆನಪಾಗಿರಲಿಲ್ಲ. ಹಗಲೆಲ್ಲ ಬೀಡಿ ಕಟ್ಟುವ ಹೆಂಗಸು, ಗಂಡ ಇಲ್ಲ, ಮಗಳಿಗೆ ನೋವು ಬಂದು ಹಗಲು ರಾತ್ರಿ ಒಂದಾಗಿತ್ತು. ಆ ಗದ್ದಲದಲ್ಲಿ ಗೋಡೆಗೆ ಒರಗಿಸಿದ್ದ ಅವಳ ಬಿದಿರಿನ ನಿಚ್ಚಣಿಕೆ ಹೋಗಿತ್ತು. ಈಗ ಅದು ರಾಶಿಯ ನಡುವೆ ಜಾಲಿಕೊರಡುಗಳ ಸಂದಿಯಿಂದ ಕಾಲು ಚಾಚಿಕೊಂಡು ಕಾಣುತ್ತಿತ್ತು.

ಕಾಕು ಕೊನೆಗೆ ಕೇಳಿದ್ದೂ ಅದನ್ನೇ. "ಜಾಗಾ ನಿಮ್ಮ ಕೈಯಾಗ ಇಲ್ಲಂದ್ರ ಹೋಗಲಿ. ನನ್ನ ನಿಚ್ಚಣಿಕೀನರ ಕೊಡಸ್ರಿ. ಮ್ಯಾಲೆ ಹತ್ತಿ ಮಾಡಿಗೆ ನಾಕು ಕೊಡ ನೀರರ ಹೊಯ್ತೀನಿ."

ಅವಳ ಮನೆಯ ಮಾಡು ಹೆಂಚಿನದಲ್ಲ. ಕಬ್ಬು ಕಡಿಯುವಾಗ ಸುಲಿದು ಒಗೆಯುವ ಒಣ ಎಲೆ, ರವದಿ, ಅದನ್ನೇ ಹೊದಿಸಿದ್ದು. ಫಾಲ್ಗುಣದ ಬಿಸಿಲಿಗೆ ಅದು ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಕಾಮಣ್ಣನ ಕಟ್ಟೆ ಅದರ ಪಡುವಣಕ್ಕೆ, ನಡುವೆ ಒಂದು ಬಂಡಿ ಹಾಯುವಷ್ಟು ಹಾದಿ. ಬೇರೆ ವರ್ಷ ಕಾಕು ಆ ಹೊತ್ತಿಗೆ ಮನೆಯಿಂದ ಹೊರಗೆ ಬಂದು, ಕೊಡಪಾನ ತುಂಬಿಟ್ಟುಕೊಂಡು ನಿಚ್ಚಣಿಕೆಯ ಮೇಲೆ ನಿಂತಿರುತ್ತಿದ್ದಳು. ಈ ವರ್ಷ ನಿಚ್ಚಣಿಕೆ ಇಲ್ಲ, ಒಳಗಿನವರು ಹೊರಗೆ ಬರುವಂತಿಲ್ಲ. ಐದನೆಯ ದಿನ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯಬೇಕು. ಅಲ್ಲಿಯ ತನಕ ತಾಯಿ ಮಗು ಆ ಕೋಣೆ ಬಿಡಬಾರದು. ಈಗಿನವರು ಇದನ್ನು ಮೂಢನಂಬಿಕೆ ಅಂದಾರು. ಆದರೆ ಆ ಹುಡುಗಿಯ ಮೊದಲ ಕೂಸು ಹೆರಿಗೆಯಲ್ಲೇ ಹೋಗಿತ್ತು. ಈ ಸಲ ಒಂದು ಕಟ್ಟಳೆಯನ್ನೂ ಮೀರುವ ಧೈರ್ಯ ಅವಳಿಗಾಗಲಿ ಅವಳ ತಾಯಿಗಾಗಲಿ ಇರಲಿಲ್ಲ.

ಅಷ್ಟರಲ್ಲಿ ಮೈದುನ ಬಂದ. ತಲೆಗೆ ಕೆಂಪು ವಸ್ತ್ರ, ಬಗಲಲ್ಲಿ ಕಾಗದದ ಪೊಟ್ಟಣ. ನಿಪ್ಪಾಣಿಗೆ ಹೋಗಿ ಔಟು, ಬಾಣ, ಪಟಾಕಿಯೆಲ್ಲ ತಂದಿದ್ದ.

"ವೈನೀ, ಹೋಳಿಗಿ ಒಂದು ಕೊಡ್ರಿ, ಹಸಿದೀನಿ," ಅಂದ. ಹಿತ್ತಲ ಬಾಗಿಲು ನೋಡಿ ದನಿ ಇಳಿಸಿದ. "ಏನ್ ಕಾಕು, ಇಲ್ಲ್ಯಾಕ?"

"ನನ್ನ ನಿಚ್ಚಣಿಕಿ ಕೊಡಪಾ."

"ಅಯ್ಯ, ಅದು ಆಗಲೇ ಕಾಮಣ್ಣನ ಹೊಟ್ಟ್ಯಾಗ ಹೋಗೇತಿ. ನಾಳೆ ನಾನ ಹೊಸಾದ್ ಮಾಡಿ ಕೊಡ್ತೀನಿ ತಗೋ."

"ನಾಳೆ ಹೊಸಾದ್ ತಗೊಂಡು ಎಲ್ಲಿ ಹಚ್ಚಲಿ? ಮಾಡ ಇರತೈತೋ ಇಲ್ಲೋ."

"ಹೋಗಬೇ, ಏನರ ಮಾತಾಡ್ತಿ. ಇಷ್ಟ ವರ್ಷ ಸುಟ್ಟೇವಿ, ನಿನ್ನ ಮಾಡಿಗೆ ಏನರ ಆಗೇತೇನು?"

ಹೋದ ವರ್ಷ ಮಂಡಳಿಯವರೇ ಹಾರಿಸಿದ ಬಾಣ ಒಂದು ದಾರಿ ತಪ್ಪಿ ಕಣದ ಕಡೆ ಹೋಗಿ, ದನದ ಮೇವಿಗಿಟ್ಟ ಕಣಕಿಯ ಬಣವೆ ಸುಟ್ಟಿತ್ತು. ಅದನ್ನು ಯಾರೂ ನೆನಪಿಸಲಿಲ್ಲ. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಸಾಲಿಯ ಮಾಸ್ತರರು ಆ ಬಣವೆಯ ಮುಂದೆ ನಿಂತು, "ಇನ್ನ ಇದನ್ನೆಲ್ಲ ಬಂದ್ ಮಾಡಬೇಕ್ರಿ, ಕಟಗಿ ಹಾಳು, ಮ್ಯಾಲೆ ಅಪಾಯ," ಅಂದಿದ್ದರು. ಹಿರೇಕಾಕಾ, "ಹಬ್ಬ ಬಂದ್ ಮಾಡಿದ್ರ ಇದು ಊರಲ್ರಿ ಮಾಸ್ತರ್, ಬರೇ ಮನಿಗೋಳು," ಅಂದಿದ್ದರು. ಆ ಜಗಳ ಅಲ್ಲಿಗೇ ನಿಂತಿತ್ತು. ಬಣವೆಯವನಿಗೆ ಎಲ್ಲರೂ ಒಂದೊಂದು ಹೊರೆ ಕಣಕಿ ಕೊಟ್ಟಿದ್ದರು.

ಮೈದುನ ಹೋಳಿಗೆ ಬಾಯಿಗೆ ಹಾಕಿಕೊಂಡೇ ಹೋದ. ಕಾಕು ಹಿರೇಕಾಕಾ ಅವರ ಮನೆಗೂ ಹೋಗಿ ಬಂದಳು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದ್ದರಂತೆ: "ಜಾಗಾ ಹಿರ್ಯಾರು ನೆಟ್ಟದ್ದು, ಕಿತ್ತಾಕ ನಾ ಯಾರು? ಹಚ್ಚೋದು ಬಿಡೋದು ಕಿಚ್ಚಿನವರ ಕೈಯಾಗ." ಅವಳು ತಿರುಗಿ ಬಂದು ಇದನ್ನು ಹೇಳುವಾಗ ಅಳಲಿಲ್ಲ. ಬರೀ ಹೇಳಿದಳು. "ಕಿಚ್ಚಿನವ್ರು ಜಾಗಾದವ್ರ ಕಡೆ ಕಳಸ್ತಾರ, ಜಾಗಾದವ್ರು ಕಿಚ್ಚಿನವ್ರ ಕಡೆ. ಕಟಗಿಯವ್ರು ನಾಳೆ ಅಂತಾರ. ನಾ ಎಲ್ಲಿಗೆ ಹೋಗಲಿ, ಆಯಿ?"

ಆಯಿ ಅಷ್ಟೂ ಹೊತ್ತು ಒಲೆಯೊಳಗಿನ ಕುಳ್ಳನ್ನು ಇಕ್ಕಳದಿಂದ ಹೊರಳಿಸುತ್ತ ಕುಳಿತಿದ್ದರು. ಈಗ ಮುಖ ಎತ್ತಿ, "ಮನಿಗಿ ಹೋಗು. ಬಾಗಿಲಾ ತೆರದಿಡು," ಅಂದರು. ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಹಲಗೆಯವರು ನಮ್ಮ ಅಂಗಳಕ್ಕೆ ಬಂದರು. ಹಿಂದೆ ಓಣಿಯ ಗಂಡಸರೆಲ್ಲ. ನನ್ನ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಆ ರಾತ್ರಿ, ಮಾಡು ಕಾಯುವ ಕಾಕುವಿನಂಥವರನ್ನು ಬಿಟ್ಟರೆ, ಹೆಂಗಸರು ಹೊರಗೆ ಬರುತ್ತಿರಲಿಲ್ಲ. ಕಾಮಣ್ಣನ ಮುಂದೆ ಗಂಡಸರು ಬಾಯಿ ಬಡಿದುಕೊಳ್ಳುತ್ತ ಕೂಗುವ ಕೂಗುಗಳು ಹೆಂಗಸರ ಕಿವಿಗೆ ಬೀಳುವಂಥವಲ್ಲ. ನಾವು ಕಿಟಕಿ ಮುಚ್ಚಿಕೊಂಡು ಕೇಳುತ್ತಿದ್ದೆವು, ಅದು ಬೇರೆ ಮಾತು.

"ಕಿಚ್ಚು ಕೊಡ್ರೀ!" ಅಂತ ಕೂಗು ಬಂತು. ಮಾವನವರು ಓಡು ಹಿಡಿದು ಅಡುಗೆಮನೆಗೆ ಬಂದರು. ಆಯಿ ಅದನ್ನು ಇಸಿದುಕೊಂಡು, ಬೂದಿ ಹಾಸಿ, ಮೇಲೆ ಕೆಂಡವಾದ ಕುಳ್ಳಿಟ್ಟು, ಮತ್ತೆ ಬೂದಿ ಮುಚ್ಚಿದರು. ಮಾವನವರು ಎರಡೂ ಕೈ ಒಡ್ಡಿದರು. ಆಯಿ ಕೊಡಲಿಲ್ಲ.

"ಇದು ಯಾರ ಕಿಚ್ಚು?" ಅಂತ ಮಗನನ್ನು ಕೇಳಿದರು.

"ನಮ್ಮನೀದು. ಏನ್ ಕೇಳ್ತಿಬೇ ಯವ್ವಾ, ಮಂದಿ ಕಾಯಾಕತ್ತೈತಿ."

"ಬಾಗಲಾ ದಾಟಿದ ಮ್ಯಾಲೆ ಯಾರದು?"

ಮಾವನವರು ಒಡ್ಡಿದ ಕೈ ಇಳಿಸಿದರು.

"ಹಂಗಾರ ಈ ವರ್ಷ ನಾ ಒಯ್ತೀನಿ," ಎಂದು ಆಯಿ ತಲೆಯ ಮೇಲೆ ಸೆರಗು ಹೊದ್ದುಕೊಂಡರು. ನನ್ನ ಕಡೆ ತಿರುಗಿ, "ಕಂದೀಲ ಹಿಡಿ," ಅಂದರು.

ಕಂದೀಲು ಹಿಡಿದು ಹಿಂದೆ ಹೊರಟೆ. ಅಂಗಳದಲ್ಲಿ ಬಾಯಿ ತೆರೆದು ಕೂಗುತ್ತಿದ್ದವರು ಆಯಿಯನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು. ಒಬ್ಬನ ಅಂಗೈ ಬಾಯಿಯ ಮುಂದೆಯೇ ಉಳಿಯಿತು. ಹಲಗೆಯೂ ನಿಂತಿತು. ಎಂಬತ್ತರ ಆಸುಪಾಸಿನ ಮುದುಕಿಯ ಮುಂದೆ, ಅದೂ ತಮ್ಮನ್ನೆಲ್ಲ ಎತ್ತಿ ಆಡಿಸಿದವಳ ಮುಂದೆ, ಆ ಮಾತುಗಳನ್ನು ಯಾರು ಕೂಗಿಯಾರು? ಅಷ್ಟು ಜನ ಒಂದು ಸದ್ದಿಲ್ಲದೆ ಅವರ ಹಿಂದೆ ನಡೆದರು. ಗಾಳಿಯ ಸದ್ದೊಂದೇ ಇತ್ತು. ಅದು ಆಯಿಯ ಸೆರಗನ್ನು ಮುಂದಕ್ಕೆ, ಕಾಕುವಿನ ಮನೆಯ ಕಡೆಗೇ ಹಾರಿಸುತ್ತಿತ್ತು.

ಕಟ್ಟೆಯ ಹತ್ತಿರ ಬಂದಾಗ ಆಯಿ ನಿಲ್ಲಲಿಲ್ಲ. ರಾಶಿಯನ್ನು ಬಳಸಿ ಮುಂದೆ ಹೋದರು.

"ಆಯಿ, ಕಾಮಣ್ಣ ಇತ್ತಾಗ ಅದಾನ್ರಿ," ಅಂದರು ಹಿರೇಕಾಕಾ.

"ನನಗೂ ಕಣ್ಣು ಕಾಣಸ್ತಾವಪಾ," ಎಂದು ಆಯಿ ಹಾದಿ ದಾಟಿ ಕಾಕುವಿನ ಮನೆಯ ಬಾಗಿಲಿಗೆ ಹೋದರು. ಹೊಸ್ತಿಲು ದಾಟಿ, ಮಾಡಿನ ಕೆಳಗೆ, ಬಾಗಿಲಿಗೆ ಮುಖ ಮಾಡಿ ಕುಳಿತರು. ಓಡನ್ನು ಹೊಸ್ತಿಲ ಮೇಲೆ ಇಟ್ಟರು. ಒಳಗೆ ಹೊರಸಿನ ಮೇಲೆ ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. ಕಾಕು ಬಾಯಿಗೆ ಸೆರಗು ಇಟ್ಟುಕೊಂಡಳು.

"ಕಿಚ್ಚು ಬಂದೈತಿ," ಅಂದರು ಆಯಿ. "ನಮ್ಮ ಮಾನ ನಾವು ಮುಟ್ಟಸೇವಿ. ಇನ್ನ ಬಂದು ಒಯ್ರಿ, ಹಚ್ರಿ, ನಾ ಬ್ಯಾಡ ಅನ್ನೂದಿಲ್ಲ. ನಾ ಇಲ್ಲೇ ಬಾಣಂತಿ ಕೂಡ ಇರ್ತೀನಿ. ನನ್ನ ಮೊಮ್ಮಗನ ಹೇಣ್ತಿನೂ ಇರ್ತಾಳ."

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಾನು ಕಂದೀಲು ಹಿಡಿದುಕೊಂಡೇ ಒಳಗೆ ಹೋಗಿ ಅವರ ಬೆನ್ನಿಗೆ ಕುಳಿತೆ. ತಲೆಯ ಮೇಲೆ ರವದಿ ಗಾಳಿಗೆ ಸರ್ರ್ ಸರ್ರ್ ಅನ್ನುತ್ತಿತ್ತು. ಆ ಸದ್ದನ್ನು ಮನೆಯ ಹೊರಗೆ ನಿಂತು ಕೇಳುವುದು ಬೇರೆ, ಕೆಳಗೆ ಕುಳಿತು ಕೇಳುವುದು ಬೇರೆ.

ಹೊರಗೆ ಮೊದಲು ಗುಸುಗುಸು, ಆಮೇಲೆ ಗದ್ದಲ.

"ಪುರುಡಿನ ಮನಿಯೊಳಗ ಮಾನದ ಕಿಚ್ಚು ಒಯ್ದ್ರೇನ್ರಿ ಆಯಿ?" ಹಿರೇಕಾಕಾ ಅವರ ದನಿ ಒಡೆದಿತ್ತು. "ಇನ್ನದು ನಡೀತೈತೇನ್ರಿ?"

"ಯಾಕ ತಮ್ಮಾ, ನೀ ಪುರುಡು ಇಲ್ಲದ ಹುಟ್ಟೀದೇನು?"

ಹಿಂದಿನಿಂದ ಯಾರೋ ನಕ್ಕರು. ಹಿರೇಕಾಕಾ ತಿರುಗಿ ನೋಡಿದ ಮೇಲೆ ನಗು ನಿಂತಿತು.

ತರುಣ ಮಂಡಳಿಯ ಒಬ್ಬ, "ಕಡ್ಡೀ ಗೀರೂಣು ಬಿಡ್ರಿ, ಅವರು ಮನೀಗೆ ಹೋಗೇ ಹೋಗ್ತಾರ," ಅಂದ. ಕಡ್ಡಿಪೆಟ್ಟಿಗೆ ಹೊರಗೆ ಬಂತು. ಮೈದುನ ಅದನ್ನು ಕೈಯಿಂದ ಕಿತ್ತುಕೊಂಡ. "ಒಳಗ ನಮ್ಮ ಆಯಿ ಕುಂತಾಳಲೇ," ಅಂದ. "ಕುಂತ್ರ ಏನಾತು, ಏನೂ ಆಗೂದಿಲ್ಲಂತ ನೀನ ಹೇಳೀದಿ," ಅಂದ ಅವನು. ಮೈದುನ ಕಡ್ಡಿಪೆಟ್ಟಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತ.

ನಾನು ನೋಡುತ್ತಿದ್ದದ್ದು ಓಡಿನ ಕಡೆ. ಬೂದಿ ಬೆಳ್ಳಗಾಗುತ್ತ ಬಂದಿತ್ತು. ಕೆಂಡ ಆರಿದರೆ ತಲೆಮಾರುಗಳಿಂದ ಬಂದ ಮಾನ ನಾನಿದ್ದ ಹೊತ್ತಿನಲ್ಲೇ ಹೋಗುತ್ತದೆ. ಒಂದು ಚೂರು ಕುಳ್ಳು ಇಡೋಣವೆಂದು ಕೈ ಚಾಚಿದೆ. ಆಯಿ ನೋಡದೆಯೇ ನನ್ನ ಕೈ ತಡೆದರು. "ಬಿಡು. ಅವ್ರೂ ನೋಡ್ಲಿ," ಅಂದರು. ಹೊರಗೆ ಮಾವನವರೂ ಅದನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ರುಮಾಲಿನ ಕೆಳಗೆ ಬೆವರು ಇಳಿಯುತ್ತಿತ್ತು. ಆದರೂ "ಯವ್ವಾ ಹೊರಗ ಬಾ" ಅನ್ನಲಿಲ್ಲ.

ಆಗ ಆಚೆ ಓಣಿಯವರ ಕಾಮಣ್ಣ ಹೊತ್ತಿಕೊಂಡ.

ಮೊದಲು ಬೆಳಕು, ಆಮೇಲೆ ಬೊಬ್ಬೆ, ಆಮೇಲೆ ಔಟುಗಳು. ಹಿಂದೆಯೇ ಬಾಣಗಳು ಎದ್ದವು. ಒಂದು ನೇರ ಮೇಲೆ ಹೋಯಿತು. ಇನ್ನೊಂದು ಗಾಳಿಗೆ ಸಿಕ್ಕು ಓಲಾಡುತ್ತ ಮಾಳಿಗೆಗಳ ಮೇಲಿಂದ ನಮ್ಮ ಕಡೆ ಬಂತು. ಹೊರಗಿನವರೆಲ್ಲ ಮುಖ ಎತ್ತಿ ಒಂದೇ ಕಡೆ ನೋಡಿದ್ದನ್ನು ನಾನು ಬಾಗಿಲಿನಿಂದ ಕಂಡೆ. ಅವರ ಕಣ್ಣುಗಳು ನಮ್ಮ ತಲೆಯ ಮೇಲಕ್ಕೆ ಬಂದು ಅಲ್ಲೇ ನಿಂತವು.

"ಮಾಡಿಗೆ ಬಿತ್ತು!" ಅಂತ ಒಬ್ಬ ಚೀರಿದ.

ಒಳಗಿದ್ದ ನಮಗೆ ಏನೂ ಕಾಣಲಿಲ್ಲ. ವಾಸನೆ ಬಂತು. ಕಬ್ಬಿನ ಗದ್ದೆಯಲ್ಲಿ ರವದಿ ಸುಡುವಾಗಿನ, ತುಸು ಸಿಹಿಯಾದ ಹೊಗೆಯ ವಾಸನೆ. ಕಾಕು ಮಗಳ ಹೊರಸಿಗೆ ಅಡ್ಡ ನಿಂತಳು. ಬಾಣಂತಿ ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. "ಯವ್ವಾ, ಕೂಸಿನ್ನ ಒಯ್ಯಿ, ನೀ ಕೂಸಿನ್ನ ಒಯ್ಯಿ," ಅನ್ನುತ್ತಿದ್ದಳು. ಕೂಸು ಅಳಲಿಲ್ಲ. ಅದು ನನ್ನನ್ನು ಇನ್ನೂ ಹೆದರಿಸಿತು. ನಾನು ಕಂದೀಲು ಕೆಳಗಿಟ್ಟು, ಕಿಡಿ ಒಳಗೆ ಇಳಿದರೆ ಓಡುವುದೆಂದು ಕೂಸನ್ನು ಎತ್ತಿಕೊಂಡೆ. ಆಯಿ ಕುಳಿತಲ್ಲೇ ಹೊರಗಿನವರ ಮುಖ ನೋಡುತ್ತಿದ್ದರು. "ನಿಚ್ಚಣಿಕಿ," ಅಂದರು, ಜೋರಾಗಿ ಅಲ್ಲ, ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳುವ ಹಾಗೆ.

ಓಣಿಯ ಉಳಿದ ನಿಚ್ಚಣಿಕೆಗಳೆಲ್ಲ ತೋಟಗಳಲ್ಲಿದ್ದವು. ಹತ್ತಿರ ಇದ್ದದ್ದು ಒಂದೇ, ರಾಶಿಯೊಳಗಿನದು. ಮೈದುನ ಒಂದು ಸಲ ಹಿರೇಕಾಕಾ ಅವರ ಮುಖ ನೋಡಿದ. ಅವರ ಮಾತಿಗೆ ಕಾಯಲಿಲ್ಲ. ಓಡಿಹೋಗಿ ನಿಚ್ಚಣಿಕೆಯ ಕಾಲು ಹಿಡಿದು ಜಗ್ಗಿದ. ಅದು ಬರಲಿಲ್ಲ. ಇನ್ನಿಬ್ಬರು ಕೂಡಿದರು. ಕಾಮಣ್ಣ ಒಂದು ಕಡೆ ವಾಲಿದ. ಮೇಲಿಂದ ಕುಳ್ಳು, ಕೊರಡು, ಮುರಿದ ನೊಗ ಉರುಳಿ ಬಿದ್ದವು. ಲಟಕ್ಕೆಂದು ನಿಚ್ಚಣಿಕೆಯ ಒಂದು ಅಡ್ಡಕೋಲು ಮುರಿಯಿತು. ನಿಚ್ಚಣಿಕೆ ಹೊರಗೆ ಬಂತು.

ನೀರಿಗೆ ಓಡಿದವರಿಗೆ ಮೊದಲು ಸಿಕ್ಕಿದ್ದು ಮಂಡಳಿಯವರೇ ಮರುದಿನದ ಓಕುಳಿಗೆ ಕಲಸಿಟ್ಟಿದ್ದ ಬ್ಯಾರಲ್. ಬಣ್ಣವೋ ನೀರೋ ಎಂದು ಯಾರು ನೋಡಬೇಕು? ಮಾಸ್ತರರು ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಬ್ಯಾರಲ್‌ನಿಂದ ಕೊಡ ತುಂಬಿ ಕೊಟ್ಟರು. ಕೈಯಿಂದ ಕೈಗೆ ದಾಟಿ ಅದು ನಿಚ್ಚಣಿಕೆಯ ಬುಡಕ್ಕೆ ಬಂತು. ಮುರಿದ ಅಡ್ಡಕೋಲಿನ ಜಾಗದಲ್ಲಿ ಮಾವನವರು ಹೆಗಲು ಕೊಟ್ಟು ನಿಂತಿದ್ದರು. ಮೈದುನ ಅವರ ಹೆಗಲ ಮೇಲೆ ಕಾಲಿಟ್ಟು ಹತ್ತಿದ. ನಮ್ಮ ತಲೆಯ ಮೇಲೆ ಅವನು ರವದಿ ಕಿತ್ತು ಒಗೆಯುವ ಸದ್ದು, ನೀರು ಸುರಿಯುವ ಸದ್ದು. ಸಂದಿಯಿಂದ ಹನಿಗಳು ಇಳಿದು ನನ್ನ ಕೈ ಮೇಲೆ, ಕೂಸಿನ ದುಪ್ಪಟಿಯ ಮೇಲೆ ಬಿದ್ದವು. ಕತ್ತಲಲ್ಲಿ ಅವು ಕಪ್ಪಗೆ ಕಂಡವು. ನನಗೆ ಒಂದು ಗಳಿಗೆ ರಕ್ತವೆಂದೇ ಅನ್ನಿಸಿತು. ಕಂದೀಲು ಹತ್ತಿರ ತಂದು ನೋಡಿದರೆ ಗುಲಾಬಿ ಬಣ್ಣ.

"ಆರೇತಿ!" ಅಂತ ಮೇಲಿಂದ ಮೈದುನ ಕೂಗಿದ. "ಇನ್ನ ಒಂದ ಕೊಡ ಕೊಡ್ರಿ. ಎಲ್ಲಾ ಕಡೆ ಹೊಯ್ತೀನಿ."

ಆಗ ಕೂಸು ಅತ್ತಿತು. ಕಾಕು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಗಳಿಗೆ ಕೊಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ ತಾನೂ ಅತ್ತಳು.

ಮೈದುನ ಕೆಳಗಿಳಿದಾಗ ಮೊಣಕೈ ತನಕ ಕೆಂಪಾಗಿದ್ದ. ಬಗಲಲ್ಲಿದ್ದ ಬಾಣದ ಪೊಟ್ಟಣ ನೆನೆದು ಮುದ್ದೆಯಾಗಿತ್ತು. ಅದನ್ನು ತೆಗೆದು ನೋಡಿ ಚರಂಡಿಗೆ ಒಗೆದ. ಹಿರೇಕಾಕಾ ವಾಲಿದ ಕಾಮಣ್ಣನ ಸುತ್ತ ಒಂದು ಸುತ್ತು ಬಂದರು. ಬಗ್ಗಿ, ಒಂದು ಕೊರಡು ಎತ್ತಿ ಬದಿಗೆ ಹಾಕಿದರು. ಇನ್ನೊಂದು ಎತ್ತಿದರು. ಹುಡುಗರಿಗೆ ತಿಳಿಯಿತು. ಎಲ್ಲರೂ ಕೂಡಿ ರಾಶಿ ಬಿಚ್ಚಿದರು. ನಡುವಿನ ಕಂಬ ಹಾಗೇ ಬಿಟ್ಟು, ಅದರ ಬುಡಕ್ಕೆ ಒಂದು ತೆಕ್ಕೆಯಷ್ಟು ಕುಳ್ಳು ಕಟ್ಟಿಗೆ ಇಟ್ಟರು. ನಮ್ಮ ತೆಲಸಂಗದ ಕಾಮಣ್ಣನಷ್ಟೇ ಆಗಿದ್ದ ಅವನು, ಕುಳಿತ ಮನುಷ್ಯನಷ್ಟು.

ಆಮೇಲೆ ಹಿರೇಕಾಕಾ ಹಾದಿ ದಾಟಿ ಬಂದರು. ಚಪ್ಪಲಿ ಬಿಟ್ಟು ಪುರುಡಿನ ಮನೆಯ ಹೊಸ್ತಿಲ ಮುಂದೆ ನಿಂತರು. ಓಡಿನಲ್ಲಿ ಬೂದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಯಿ ನೆಲದಿಂದ ಒಂದು ಕಡ್ಡಿ ಹೆಕ್ಕಿ ಬೂದಿಯನ್ನು ಕೆದಕಿದರು. ತಳದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಇತ್ತು. ಬಾಗಿಲಲ್ಲಿ ಬೀಸುತ್ತಿದ್ದ ಆ ಹಾಳು ಗಾಳಿಯೇ ಅದನ್ನು ಉಳಿಸಿತ್ತು ಎಂದು ಕಾಣುತ್ತದೆ. ಹಿರೇಕಾಕಾ ಓಡನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಒಯ್ದರು. ಹಲಗೆ ಮತ್ತೆ ಬಡಿಯಿತು. ಬೊಬ್ಬೆಯೂ ಆಯಿತು, ಆದರೆ ಹೆಂಗಸರು ಕೇಳಬಹುದಾದದ್ದು.

ಉಳಿದ ಕಟ್ಟಿಗೆಯನ್ನು ಮರುದಿನ ಯಾರೂ ತಿರುಗಿ ಒಯ್ಯಲಿಲ್ಲ. ಕಾಮಣ್ಣನ ಪಾಲಾದದ್ದು ಹೇಗೆ ಒಯ್ದಾರು? ಅದು ಕಾಕುವಿನ ಹಿತ್ತಲಿಗೆ ಹೋಯಿತು. ಬಾಣಂತಿಗೆ ನೀರು ಕಾದದ್ದು ಅದರಿಂದಲೇ. ಅವಳ ಮಾಡು ಮಳೆಗಾಲ ಬರುವ ತನಕ ಗುಲಾಬಿಯಾಗಿತ್ತು. ಹೊಸಬರು ಬಂದರೆ, "ಇದ್ಯಾಕ ಹಿಂಗ?" ಅಂತ ಕೇಳುತ್ತಿದ್ದರು. ಕಾಕು, "ನಮ್ಮ ಮನೀದು ಓಕುಳಿ ಮುಗದಿಲ್ರಿ," ಅನ್ನುತ್ತಿದ್ದಳು.

ಈಗಲೂ ಹೋಳಿ, ದೀಪಾವಳಿ ಬಂದರೆ ಜನ ಎರಡು ಪಾಲಾಗಿ ವಾದಿಸುವುದನ್ನು ಕೇಳುತ್ತೇನೆ. ಹೊಗೆ, ಸದ್ದು, ಕಟ್ಟಿಗೆ ಎಂದು ಕೆಲವರು. ಹಿರಿಯರಿಂದ ಬಂದದ್ದು ಎಂದು ಕೆಲವರು. ನಾನು ಎರಡೂ ಕಡೆ ತಲೆಯಾಡಿಸುತ್ತೇನೆ. ಮಾಸ್ತರರು ಹೇಳಿದ ಅಪಾಯ ಸುಳ್ಳಲ್ಲ, ಅದರ ಕೆಳಗೆ ನಾನು ಕುಳಿತಿದ್ದೆ. ಆದರೆ ಆ ಒಂದು ತೆಕ್ಕೆಯ ಕಾಮಣ್ಣನ ಸುತ್ತ ಅಷ್ಟೂ ಜನ ಒಬ್ಬರಿಗೊಬ್ಬರು ಆನಿಕೊಂಡು ನಿಂತದ್ದನ್ನೂ ನೋಡಿದ್ದೇನೆ. ಅದು ಇಲ್ಲದ ಫಾಲ್ಗುಣ ನನಗೆ ಬೇಡ. ಆ ವಾರವೇ ಆಯಿಯನ್ನು ಕೇಳಿದ್ದೆ, "ಹಬ್ಬ ಬಂದ್ ಮಾಡೋದ ಚಲೋ ಅಲ್ಲೇನ್ರಿ ಆಯಿ?" ಅಂತ. ಅವರು ಹಾಲು ಕಾಯಿಸುತ್ತಿದ್ದರು. "ಹಾಲು ಉಕ್ಕತೈತಂತ ಒಲಿ ಹಚ್ಚೂದು ಬಿಡ್ತೀಯೇನ? ಮುಂದ ಕುಂಡ್ರತಿ. ಕುಂಡ್ರಾಕ ಆಗೂದಿಲ್ಲಂದ್ರ ಹಚ್ಚಬ್ಯಾಡ," ಅಂದರು.

ಮರುವರ್ಷ ಕಾಮಣ್ಣನ ಕಂಬವನ್ನು ಹಳ್ಳದ ಆಚೆ, ಕಬ್ಬು ಕಡಿದು ಬಯಲಾದ ಹೊಲದಲ್ಲಿ ಹಿರೇಕಾಕಾ ಅವರೇ ನೆಟ್ಟರು. ಹುಡುಗರು ಕಟ್ಟಿಗೆ ಕದಿಯಲು ಹೊರಡುವ ಮುಂಚೆ ಮೈದುನ ಕಾಕುವಿನ ಮನೆಗೆ ಹೋಗಿ, ಅಂಗಳದಲ್ಲಿ ನಿಂತು, "ಕಾಕು, ಕಾಮಣ್ಣಗ ಏನರ ಕೊಡಬೇ," ಅಂತ ಕೇಳಿದ. ಕಾಕು ಮೊಮ್ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಒಳಗೆ ಹೋದಳು. ನಿಚ್ಚಣಿಕೆಯ ಮುರಿದಿದ್ದ ಆ ಅಡ್ಡಕೋಲನ್ನು ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಹೆಗಲ ಮೇಲೆ ಇಟ್ಟುಕೊಂಡು ಹಳ್ಳ ದಾಟಿ, ಕಂಬದ ಬುಡದಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟ.